ನಿಯಮದ ಮೌನವು ಅನುಮತಿಯಲ್ಲ

“ಹಾಗೆ ಮಾಡಬಾರದೆಂದು ನಿಯಮದಲ್ಲಿ ಎಲ್ಲಿ ಬರೆದಿದೆ?” ಎಂಬ ಮಾತು ಕಚೇರಿಯಲ್ಲಿ, ಅಂಗಡಿಯಲ್ಲಿ, ಸಭೆಯಲ್ಲಿ, ಎಲ್ಲೆಡೆಯೂ ಕೇಳಿಬರುತ್ತದೆ. ಕೇಳಲು ಇದು ಪ್ರಶ್ನೆ. ಬಳಕೆಯಲ್ಲಿ ಇದೊಂದು ಗುರಾಣಿ. ಇದನ್ನು ಹಿಡಿದವನು ತಾನು ಎಸಗಿದ ಕಾರ್ಯವು ಸರಿಯೆಂದು ಸಾಧಿಸುವ ಗೋಜಿಗೇ ಹೋಗುವುದಿಲ್ಲ. ಅದನ್ನು ನಿಷೇಧಿಸುವ ಸಾಲೊಂದು ಪುಸ್ತಕದಲ್ಲಿಲ್ಲವೆಂದು ತೋರಿಸಿ, ತಲೆಯೆತ್ತಿ ನಡೆದುಬಿಡುತ್ತಾನೆ. ನಿಷೇಧವಿಲ್ಲದ್ದೆಲ್ಲ ನ್ಯಾಯ, ಶಿಕ್ಷೆಯಿಲ್ಲದ್ದೆಲ್ಲ ನಿರ್ದೋಷ ಎಂಬ ಈ ಸಿದ್ಧಾಂತವು ವಿದ್ಯಾವಂತರ ಬಾಯಿಂದಲೂ ಹೊರಡುತ್ತಿರುವುದು ವಿಷಾದದ ಸಂಗತಿ.

ಇದರ ಟೊಳ್ಳುತನವನ್ನು ಅರಿಯಲು ನ್ಯಾಯಶಾಸ್ತ್ರದ ಹೊತ್ತಗೆಗಳನ್ನು ತಿರುವಬೇಕಾಗಿಲ್ಲ. ಒಂದು ಆಟವನ್ನು ಪರಿಶೀಲಿಸಿದರೆ ಸಾಕು. ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಓಟಕ್ಕೆ ಸಂಬಂಧಿಸಿದ ನಿಯಮಗಳು ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಹೇಗೆ ಬೆಳೆದುವೆಂಬುದಕ್ಕೆ ದಾಖಲೆಗಳಿವೆ. ಯಾರು ಯಾವ ಸಂದಿನಲ್ಲಿ ನುಸುಳಿದರು, ಆ ಸಂದನ್ನು ಯಾವಾಗ ಮುಚ್ಚಲಾಯಿತು ಎಂಬುದು ವರ್ಷಸಹಿತವಾಗಿ ದೊರೆಯುತ್ತದೆ. ಮನುಷ್ಯನ ಜಾಣತನಕ್ಕೂ ಪ್ರಾಮಾಣಿಕತೆಗೂ ನಡುವೆ ಇರುವ ಅಂತರವನ್ನು ಅಳೆಯಲು ಇಷ್ಟು ಸ್ಪಷ್ಟವಾದ ಅಳತೆಗೋಲು ಬೇರೆಡೆ ದೊರೆಯುವುದು ಕಷ್ಟ.

ಕ್ರಿಕೆಟ್ ಬಲ್ಲ ವಾಚಕರಿಗೆ ಆ ಆಟದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಬೇಸ್‌ಬಾಲ್ ಮೈದಾನದೊಳಗೆ 90 ಅಡಿ ಬಾಹುಗಳ ಚೌಕವೊಂದಿದೆ. ಅದರ ಒಂದು ಮೂಲೆಯಲ್ಲಿ ಹೋಮ್ ಪ್ಲೇಟ್. ಉಳಿದ ಮೂಲೆಗಳಲ್ಲಿ ಮೂರು ಬೇಸ್‌ಗಳು. ಚೆಂಡನ್ನು ಹೊಡೆದ ದಾಂಡಿಗನು ಮೂರು ಬೇಸ್‌ಗಳನ್ನೂ ಕ್ರಮವಾಗಿ ಮುಟ್ಟಿ ಹೋಮ್ ಪ್ಲೇಟಿಗೆ ಹಿಂದಿರುಗಿದರೆ ಒಂದು ರನ್. ಒಂದೇ ಉಸಿರಿನಲ್ಲಿ ಸುತ್ತಿ ಬರಬೇಕೆಂದಿಲ್ಲ. ನಡುವೆ ಯಾವುದಾದರೂ ಬೇಸಿನ ಮೇಲೆ ನಿಂತು, ಮುಂದಿನ ದಾಂಡಿಗನ ಹೊಡೆತಕ್ಕಾಗಿ ಕಾಯಬಹುದು. ಬೇಸ್ ಬಿಟ್ಟಿರುವಾಗ ಚೆಂಡು ಹಿಡಿದ ಎದುರಾಳಿಯು ಮುಟ್ಟಿದರೆ ಔಟ್. ಹಿಂದಿನಿಂದ ಬರುವವನಿಗೆ ಎಡೆಮಾಡಿಕೊಡಲು ಮುಂದಿನ ಬೇಸಿಗೆ ಹೋಗಲೇಬೇಕಾದ ಓಟಗಾರನಾದರೆ, ಆತನಿಗಿಂತ ಮೊದಲೇ ಚೆಂಡು ಆ ಬೇಸನ್ನು ಸೇರಿದರೂ ಔಟ್. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಒಂದೇ ಹೊಡೆತದಿಂದ ಇಬ್ಬರು ಔಟಾಗುವುದೂ ಉಂಟು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಗಮ.

ಹೆಸರಿನ ಕಳವು, ನಿಜದ ಕಳವು

ಈ ಆಟದಲ್ಲಿ ‘ಬೇಸ್ ಕದಿಯುವುದು’ ಎಂಬ ಮಾತೊಂದಿದೆ. ಹೊಡೆತಕ್ಕಾಗಿ ಕಾಯದೆ, ಪಿಚರನು ಚೆಂಡನ್ನು ಎಸೆಯುವ ಕ್ಷಣವನ್ನೇ ನೋಡಿಕೊಂಡು ಓಟಗಾರನು ಮುಂದಿನ ಬೇಸಿಗೆ ಧಾವಿಸುವುದಕ್ಕೆ ಈ ಹೆಸರು. ರಿಕಿ ಹೆಂಡರ್ಸನ್ ಅವರು 1982ರ ಒಂದೇ ಋತುವಿನಲ್ಲಿ 130 ಬೇಸ್‌ಗಳನ್ನು ಕದ್ದರು, ಜೀವಮಾನದಲ್ಲಿ 1,406. ಆದರೂ ಅವರನ್ನು ಕಳ್ಳರೆಂದು ಯಾರೂ ಕರೆಯಲಿಲ್ಲ. ಕರೆಯಲು ಕಾರಣವೂ ಇರಲಿಲ್ಲ. ಓಟಗಾರನು ಬೇಸಿನಿಂದ ನಾಲ್ಕು ಹೆಜ್ಜೆ ಮುಂದೆ ನಿಲ್ಲುವುದು ಪಿಚರನ ಕಣ್ಣೆದುರಿನಲ್ಲಿಯೇ. ಪಿಚರನು ಚೆಂಡನ್ನು ಆ ಬೇಸಿಗೇ ಎಸೆದು ಆತನನ್ನು ಔಟ್ ಮಾಡಲು ಯತ್ನಿಸಬಹುದು; ಓಡಿದ ಮೇಲೆ ಕ್ಯಾಚರನು ಎರಡನೆಯ ಬೇಸಿಗೆ ಎಸೆಯಬಹುದು. ಸಾವಿರಾರು ಜನರ ಸಮಕ್ಷಮದಲ್ಲಿ, ಎದುರಾಳಿಗೆ ತಡೆಯುವ ಪೂರ್ಣ ಅವಕಾಶವಿರುವಾಗ ನಡೆಯುವ ಈ ಕಾರ್ಯದಲ್ಲಿ ಕಳವಿನ ಲಕ್ಷಣ ಒಂದೂ ಇಲ್ಲ. 2023ರಲ್ಲಿ ನಿಯಮ ರೂಪಿಸುವವರೇ ಬೇಸಿನ ಬಾಹುವನ್ನು 15 ಅಂಗುಲಗಳಿಂದ 18 ಅಂಗುಲಗಳಿಗೆ ಹಿಗ್ಗಿಸಿ, ಓಟಗಾರನನ್ನು ತಡೆಯಲು ಪಿಚರನು ಮಾಡುವ ಪ್ರಯತ್ನಗಳಿಗೆ ಮಿತಿ ಹಾಕಿ, ಈ ಓಟವನ್ನು ಉತ್ತೇಜಿಸಿದರು. ಹಿಂದಿನ ವರ್ಷ 2,486 ಇದ್ದ ಸಂಖ್ಯೆ ಆ ವರ್ಷ 3,503ಕ್ಕೆ ಏರಿತು.

ನಮ್ಮವರಿಗೆ ಪರಿಚಿತವಾದ ಕ್ರಿಕೆಟ್ಟಿನಲ್ಲಿ ಇದೇ ವಿಷಯ ತಲೆಕೆಳಗಾಗಿತ್ತೆಂಬುದು ಗಮನಾರ್ಹ. ಬೌಲರನು ಚೆಂಡನ್ನು ಬಿಡುವ ಮುನ್ನವೇ ಗೆರೆ ದಾಟಿ ಹೊರಟ ಬಿಲ್ ಬ್ರೌನ್ ಅವರನ್ನು 1947ರಲ್ಲಿ ಸಿಡ್ನಿಯಲ್ಲಿ ವಿನೂ ಮಂಕಡ್ ಅವರು ಔಟ್ ಮಾಡಿದರು. ಕಳಂಕವು ಅಂಟಿದ್ದು ಮುಂಚಿತವಾಗಿ ಓಡಿದವರಿಗಲ್ಲ, ಮಂಕಡ್ ಅವರ ಹೆಸರಿಗೆ. ಆ ಬಗೆಯ ಔಟನ್ನು ‘ಅನುಚಿತ ಆಟ’ದ ಅಧ್ಯಾಯದಿಂದ ತೆಗೆದು ‘ರನ್ ಔಟ್’ ಅಧ್ಯಾಯಕ್ಕೆ ಸೇರಿಸಲು 2022ರವರೆಗೆ ಕಾಯಬೇಕಾಯಿತು. ಹೆಸರುಗಳನ್ನು ನಂಬಿ ತೀರ್ಪು ಕೊಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇದೊಂದು ನಿದರ್ಶನ.

ನಿಜವಾದ ಕಳವು ಬೇರೆಡೆ ಇತ್ತು. ಅದಕ್ಕೆ ಕಳವೆಂಬ ಹೆಸರಿರಲಿಲ್ಲ. ಜಾಣತನವೆಂಬ ಗೌರವದ ಹೆಸರಿತ್ತು. 1880ರ ದಶಕದಲ್ಲಿ ಷಿಕಾಗೋ ಮತ್ತು ಬಾಸ್ಟನ್ ತಂಡಗಳಿಗಾಗಿ ಆಡಿದ ‘ಕಿಂಗ್’ ಕೆಲಿ ಅವರ ಕಾಲದಲ್ಲಿ ಪಂದ್ಯಕ್ಕೆ ಸಾಮಾನ್ಯವಾಗಿ ಒಬ್ಬನೇ ಅಂಪೈರ್. ದೂರದ ಚೆಂಡನ್ನು ನೋಡಲು ಆತ ಬೆನ್ನು ತಿರುಗಿಸಿದರೆ ಸಾಕು, ಕೆಲಿಯವರು ಎರಡನೆಯ ಬೇಸಿನಿಂದ ಮೂರನೆಯದರತ್ತ ಸುಳಿಯದೆಯೇ ಚೌಕದ ನಡುವೆ ಹಾಯ್ದು ಹೋಮ್ ಪ್ಲೇಟಿಗೆ ಬಂದುಬಿಡುತ್ತಿದ್ದರೆಂದು ಪ್ರಸಿದ್ಧಿ. ಬೇಸ್‌ಗಳನ್ನು ಕ್ರಮವಾಗಿ ಮುಟ್ಟಬೇಕೆಂಬ ನಿಯಮ ಆಗಲೂ ಇತ್ತು. ಇಲ್ಲದಿದ್ದುದು ಅದನ್ನು ಕಾಣುವ ಕಣ್ಣು. ಪ್ರೇಕ್ಷಕರು ಕೆಲಿಯವರನ್ನು ಹೊತ್ತು ಮೆರೆಸಿದರು. 1890ರ ದಶಕದಲ್ಲಿ ಬಾಲ್ಟಿಮೋರ್ ತಂಡದ ಜಾನ್ ಮೆಗ್ರಾ ಅವರು ಮೂರನೆಯ ಬೇಸಿನ ಬಳಿ ಎದುರಾಳಿ ಓಟಗಾರರ ಸೊಂಟಪಟ್ಟಿಯನ್ನೇ ಹಿಡಿದು ನಿಲ್ಲಿಸುತ್ತಿದ್ದರೆಂದು ಹೇಳಲಾಗುತ್ತದೆ. ಇದರ ಫಲವೇನಾಯಿತು? ಅಂಪೈರರ ಸಂಖ್ಯೆ ಒಂದರಿಂದ ಎರಡಕ್ಕೆ, ಎರಡರಿಂದ ನಾಲ್ಕಕ್ಕೆ ಏರಿತು. 2014ರಿಂದ ಬಹುತೇಕ ತೀರ್ಪುಗಳನ್ನು ಚಲಿಸುವ ಚಿತ್ರಗಳ ಮೂಲಕ ಮರುಪರಿಶೀಲಿಸುವ ವ್ಯವಸ್ಥೆಯೂ ಬಂದಿತು. ಹೀಗೆ ಹೆಚ್ಚಿದ ಒಂದೊಂದು ಕಣ್ಣೂ ಆಟಗಾರನ ಮೇಲಿನ ನಂಬಿಕೆ ಕುಸಿದುದಕ್ಕೆ ಸಾಕ್ಷಿ.

ನಿಷಿದ್ಧವಾದರೂ ನಿರ್ದೋಷ

ನಿಷೇಧಕ್ಕೂ ದೋಷಕ್ಕೂ ಹೊಂದಿಕೆಯಿಲ್ಲವೆಂಬುದನ್ನು ತೋರಿಸುವ ವಿನೋದಕರ ಪ್ರಸಂಗವೊಂದು 1911ರ ಆಗಸ್ಟ್ 4ರಂದು ನಡೆಯಿತು. ವಾಷಿಂಗ್ಟನ್ ತಂಡದ ಜರ್ಮನಿ ಶೇಫರ್ ಅವರು ಮೊದಲ ಬೇಸಿನಲ್ಲಿಯೂ ಅವರ ಸಂಗಡಿಗ ಕ್ಲೈಡ್ ಮಿಲನ್ ಅವರು ಮೂರನೆಯ ಬೇಸಿನಲ್ಲಿಯೂ ಇದ್ದರು. ಶೇಫರ್ ಎರಡನೆಯ ಬೇಸಿಗೆ ಓಡಿದರು. ಷಿಕಾಗೋ ತಂಡದ ಕ್ಯಾಚರನು ತಮ್ಮತ್ತ ಚೆಂಡನ್ನು ಎಸೆದರೆ ಆ ಅವಕಾಶದಲ್ಲಿ ಮಿಲನ್ ರನ್ ಗಳಿಸಲಿ ಎಂಬುದು ಅವರ ಎಣಿಕೆ. ಕ್ಯಾಚರನು ಎಸೆಯಲಿಲ್ಲ. ಆಗ ಶೇಫರ್ ಅವರು ಬಂದ ದಾರಿಯಲ್ಲಿಯೇ ಹಿಂದಕ್ಕೆ ಓಡಿ ಮೊದಲ ಬೇಸನ್ನು ‘ಕದ್ದರು’. ಮತ್ತೊಮ್ಮೆ ಅದೇ ಪ್ರಯತ್ನ ಮಾಡಲೆಂದು! ಎದುರಾಳಿ ತಂಡದ ಮುಖ್ಯಸ್ಥರು ಮೈದಾನಕ್ಕಿಳಿದು ವಾದಕ್ಕೆ ನಿಂತರು. ಹಿಮ್ಮುಖವಾಗಿ ಓಡಬಾರದೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ.

ಎದುರಾಳಿಯನ್ನು ಗೊಂದಲಗೊಳಿಸಲೆಂದೋ ಆಟವನ್ನು ನಗೆಪಾಟಲಾಗಿಸಲೆಂದೋ ಬೇಸ್‌ಗಳನ್ನು ಹಿಮ್ಮುಖವಾಗಿ ಓಡುವವನು ಔಟ್ ಎಂಬ ನಿಯಮವು 1920ರಲ್ಲಿ ಬಂದಿತು. ಅದು ಯುಕ್ತವೇ, ಮುಂದಕ್ಕೂ ಹಿಂದಕ್ಕೂ ಓಡಬಹುದಾದರೆ ಆ ಓಟಕ್ಕೆ ಅರ್ಥವೇ ಉಳಿಯದು. ಆದರೆ ಶೇಫರ್ ಅವರು ಯಾರಿಗೆ ಸುಳ್ಳು ಹೇಳಿದ್ದರು? ಯಾರ ಕಾಲು ಮುರಿದಿದ್ದರು? ಅವರು ಮಾಡಿದುದೆಲ್ಲವೂ ಎಲ್ಲರ ಕಣ್ಣೆದುರಿನಲ್ಲಿಯೇ ನಡೆಯಿತು. ಅದು ಅಸಂಬದ್ಧವಾಗಿತ್ತೇ ಹೊರತು ಅನ್ಯಾಯವಾಗಿರಲಿಲ್ಲ. ನಿರ್ದೋಷವಾದುದೂ ವ್ಯವಸ್ಥೆಗಾಗಿ ನಿಷಿದ್ಧವಾಗಬಹುದಾದರೆ, ಸದೋಷವಾದುದು ಅನವಧಾನದಿಂದ ನಿಷೇಧವನ್ನು ತಪ್ಪಿಸಿಕೊಂಡು ಉಳಿಯಲೂಬಹುದು. ನಿಯಮಪುಸ್ತಕವನ್ನೇ ಅಂತಃಸಾಕ್ಷಿಯ ಸ್ಥಾನದಲ್ಲಿ ಕೂರಿಸಿದವರು ಈ ಎರಡನೆಯ ಸಾಧ್ಯತೆಯನ್ನು ಜಾಣತನದಿಂದ ಮರೆಯುತ್ತಾರೆ.

ದಂಡವೋ, ಬೆಲೆಯೋ?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚೆಂಡನ್ನು ಬೇಕೆಂದೇ ಕೈಬಿಡುವ ತಂತ್ರವೊಂದು ಬಳಕೆಯಲ್ಲಿತ್ತು. ಮೊದಲ ಹಾಗೂ ಎರಡನೆಯ ಬೇಸ್‌ಗಳಲ್ಲಿ ಓಟಗಾರರಿರುವಾಗ ದಾಂಡಿಗನ ಹೊಡೆತವು ಚೌಕದ ಮೇಲೆಯೇ ಎತ್ತರಕ್ಕೆ ಹಾರುತ್ತದೆ. ಕ್ಷೇತ್ರರಕ್ಷಕನು ಅದನ್ನು ಹಿಡಿಯುವನೆಂದು ಓಟಗಾರರು ತಮ್ಮ ಬೇಸ್‌ಗಳಲ್ಲಿಯೇ ನಿಲ್ಲಬೇಕು; ಬಿಟ್ಟು ಓಡಿದರೆ, ಚೆಂಡು ಹಿಡಿಯಲ್ಪಟ್ಟೊಡನೆ ಹಿಂದಿರುಗಲಾರದೆ ಔಟಾಗುತ್ತಾರೆ. ನಿಂತರೆ ಆತ ಚೆಂಡನ್ನು ಬೇಕೆಂದೇ ನೆಲಕ್ಕೆ ಬೀಳಿಸುತ್ತಾನೆ. ಆಗ ಅವರು ಮುಂದೆ ಓಡಲೇಬೇಕು. ಓಡುವಷ್ಟರಲ್ಲಿ ಚೆಂಡು ಮುಂದಿನ ಬೇಸ್‌ಗಳನ್ನು ತಲುಪಿ ಇಬ್ಬರು ಔಟಾಗಿರುತ್ತಾರೆ. ಅತ್ತ ದರಿ, ಇತ್ತ ಪುಲಿ. ಓಟಗಾರನ ಕೌಶಲಕ್ಕೆ ಇಲ್ಲಿ ಎಡೆಯೇ ಇಲ್ಲ. ನಟಿಸಲು ಒಪ್ಪಿದ ಕ್ಷೇತ್ರರಕ್ಷಕನಿಗೆ ಮಾತ್ರ ಲಾಭ. 1890ರ ದಶಕದ ನಡುವಿನಲ್ಲಿ ರೂಪುಗೊಂಡ ನಿಯಮವು ಈ ಬಲೆಯನ್ನು ಹರಿಯಿತು. ಅಂತಹ ಚೆಂಡು ಹಾರಿದೊಡನೆ, ಅದನ್ನು ಹಿಡಿಯಲಿ ಬಿಡಲಿ, ಅಂಪೈರನು ದಾಂಡಿಗನನ್ನು ಔಟೆಂದು ಘೋಷಿಸುತ್ತಾನೆ. ಹಿಂದಿನ ಓಟಗಾರರಿಗೆ ಓಡಲೇಬೇಕಾದ ಒತ್ತಾಯ ಉಳಿಯುವುದಿಲ್ಲ. ಈ ಒಂದು ನಿಯಮದ ಹುಟ್ಟನ್ನು ಕುರಿತೇ 1975ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯು ಲೇಖನವೊಂದನ್ನು ಪ್ರಕಟಿಸಿತು. ಬೇಕೆಂದೇ ಚೆಂಡು ಕೈಬಿಡುವುದು ಮರ್ಯಾದೆಯಲ್ಲ ಎಂಬ ಅರಿವು ಆಟಗಾರರಲ್ಲಿ ಉಳಿದಿದ್ದರೆ ಈ ನಿಯಮವೂ ಬೇಕಾಗಿರಲಿಲ್ಲ, ಲೇಖನವೂ ಬೇಕಾಗಿರಲಿಲ್ಲ.

1957ರ ಏಪ್ರಿಲ್ 21ರ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಸಿನ್ಸಿನಾಟಿ ತಂಡದ ಡಾನ್ ಹೋಕ್ ಅವರು ಎರಡನೆಯ ಬೇಸಿನಿಂದ ಓಡುತ್ತಿದ್ದರು. ಮಿಲ್ವಾಕೀ ತಂಡದವರು ಒಂದೇ ಚೆಂಡಿನಲ್ಲಿ ಇಬ್ಬರನ್ನು ಔಟ್ ಮಾಡುವುದು ನಿಶ್ಚಿತವೆಂಬಂತೆ ಚೆಂಡು ನೆಲದ ಮೇಲೆ ಉರುಳಿ ಬರುತ್ತಿತ್ತು. ಹೋಕ್ ಅವರು ಬಗ್ಗಿ ಬರಿಗೈಯಿಂದ ಆ ಚೆಂಡನ್ನು ತಾವೇ ಹಿಡಿದು, ಎದುರಾಳಿ ಜಾನಿ ಲೋಗನ್ ಅವರತ್ತ ಎಸೆದುಬಿಟ್ಟರು. ಹೊಡೆದ ಚೆಂಡಿಗೆ ಅಡ್ಡಬಂದ ಓಟಗಾರನು ಔಟ್ ಎಂಬುದು ನಿಯಮ. ಅದರಂತೆ ಅವರೊಬ್ಬರೇ ಔಟಾದರು. ಇಬ್ಬರನ್ನು ಕಳೆದುಕೊಳ್ಳಬೇಕಾಗಿದ್ದ ತಂಡವು ಒಬ್ಬರನ್ನು ತೆತ್ತು ಪಾರಾಯಿತು. ಕೆಲವೇ ದಿನಗಳಲ್ಲಿ ನಿಯಮ ಬದಲಾಯಿತು. ಹಾಗೆ ಬೇಕೆಂದು ಅಡ್ಡಬಂದರೆ ಓಟಗಾರನೂ ದಾಂಡಿಗನೂ ಇಬ್ಬರೂ ಔಟ್ ಎಂದಾಯಿತು.

ಇಲ್ಲಿ ಸುಳ್ಳಿರಲಿಲ್ಲ, ಹಿಂಸೆಯಿರಲಿಲ್ಲ. ಆದರೆ ಇನ್ನೊಂದು ರೋಗವಿತ್ತು: ದಂಡವನ್ನು ಬೆಲೆಯೆಂದು ಎಣಿಸುವ ರೋಗ. ದಂಡವು ‘ಹೀಗೆ ಮಾಡಬೇಡ’ ಎನ್ನುತ್ತದೆ. ಬೆಲೆಯು ‘ಇಷ್ಟು ಕೊಟ್ಟರೆ ಮಾಡು’ ಎನ್ನುತ್ತದೆ. ದಂಡದ ಮೊತ್ತಕ್ಕಿಂತ ತಪ್ಪಿನ ಲಾಭ ಹೆಚ್ಚೆಂದು ಲೆಕ್ಕ ಹಾಕಿ, ದಂಡವನ್ನು ಖರ್ಚಿನ ಬಾಬ್ತಿಗೆ ಸೇರಿಸಿಕೊಳ್ಳುವ ವ್ಯಾಪಾರಿಯನ್ನು ಅರಿಯದವರು ಯಾರು? ತೂಕದಲ್ಲಿ ಕೊರೆ, ತೆರಿಗೆಯಲ್ಲಿ ಮರೆ, ಸಿಕ್ಕಿದರೆ ದಂಡ, ಸಿಗದಿದ್ದರೆ ಲಾಭ. ಅಂತಹವನು ನಿಯಮವನ್ನು ಪಾಲಿಸುತ್ತಿಲ್ಲ, ನಿಯಮಭಂಗವನ್ನು ಕೊಂಡುಕೊಳ್ಳುತ್ತಿದ್ದಾನೆ.

ಸುಳ್ಳು ಕೂಗು, ಮುರಿದ ಕಾಲು

2007ರ ಮೇ 30ರಂದು ಟೊರಾಂಟೋ ನಗರದಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವು ಆಡುತ್ತಿದ್ದಾಗ ಎತ್ತರಕ್ಕೆ ಹಾರಿದ ಚೆಂಡೊಂದನ್ನು ಹಿಡಿಯಲು ಮೂರನೆಯ ಬೇಸಿನ ರಕ್ಷಕ ಹೋವೀ ಕ್ಲಾರ್ಕ್ ಅವರು ಸಿದ್ಧರಾಗಿ ನಿಂತಿದ್ದರು. ಅವರ ಬೆನ್ನ ಹಿಂದೆ ಓಡುತ್ತಿದ್ದ ಓಟಗಾರ ಅಲೆಕ್ಸ್ ರಾಡ್ರಿಗಸ್ ಅವರು ಕೂಗು ಹಾಕಿದರು. ಜೊತೆಯ ಆಟಗಾರನೇ ‘ನನ್ನದು’ ಎಂದು ಕೂಗಿದನೆಂದು ಭಾವಿಸಿ ಕ್ಲಾರ್ಕ್ ಹಿಂದೆ ಸರಿದರು. ಚೆಂಡು ನೆಲಕ್ಕೆ ಬಿದ್ದಿತು. ಯಾಂಕೀಸ್ ತಂಡಕ್ಕೆ ರನ್ ಬಂದಿತು. ತಾವು ಉಚ್ಚರಿಸಿದ್ದು ಅರ್ಥವಿಲ್ಲದ ಒಂದು ಸದ್ದಷ್ಟೇ ಎಂದು ರಾಡ್ರಿಗಸ್ ಅವರು ನಂತರ ಹೇಳಿದರು. ಎದುರಾಳಿಯನ್ನು ಗೊಂದಲಗೊಳಿಸುವುದೂ ಅಡ್ಡಿಯೇ ಎಂಬ ಅರ್ಥ ನಿಯಮದ ವ್ಯಾಖ್ಯೆಯಲ್ಲಿದ್ದರೂ ಅಂಪೈರರು ಅದನ್ನು ಅನ್ವಯಿಸಲಿಲ್ಲ.

‘ಇದೂ ಆಟದ ಭಾಗವೇ’ ಎಂದವರಿಗೆ ಅದೇ ಆಟವು ಉತ್ತರ ಕೊಡುತ್ತದೆ. ಪಿಚರನು ಎಸೆಯುವ ಚಲನೆಯನ್ನು ಆರಂಭಿಸಿ, ಓಟಗಾರನನ್ನು ಮರುಳುಗೊಳಿಸಲು ನಡುವೆ ನಿಲ್ಲಿಸಿಬಿಟ್ಟರೆ ಅದು ‘ಬಾಕ್’ ಎಂಬ ಅಪರಾಧ. ಬೇಸ್‌ಗಳಲ್ಲಿರುವ ಓಟಗಾರರೆಲ್ಲರಿಗೂ ಒಂದೊಂದು ಬೇಸ್ ಉಚಿತವಾಗಿ ದೊರೆಯುತ್ತದೆ. ಓಟಗಾರನನ್ನು ವಂಚಿಸಬಾರದೆಂದು ನಿಯಮವು ಇಷ್ಟು ಕಟ್ಟುನಿಟ್ಟಾಗಿ ಕಾಯುತ್ತಿರುವಾಗ, ಆ ರಕ್ಷಣೆಯನ್ನು ಹೊದ್ದುಕೊಂಡ ಓಟಗಾರನೇ ಎದುರಾಳಿಯ ಕಿವಿಗೆ ಸುಳ್ಳನ್ನು ಊದುವುದು ಯಾವ ನ್ಯಾಯ? ಕ್ರಿಕೆಟ್ ಕೂಡ, ಚೆಂಡು ಕೈಯಲ್ಲಿಲ್ಲದೆಯೇ ಎಸೆಯುವಂತೆ ನಟಿಸಿ ಬ್ಯಾಟ್ಸ್‌ಮನ್‌ನನ್ನು ವಂಚಿಸುವವರಿಗೆ 2017ರಿಂದ ಐದು ರನ್‌ಗಳ ದಂಡ ವಿಧಿಸಿದೆ.

ಸುಳ್ಳಿನಿಂದ ಹಾನಿಯಾಗುವುದು ಅಂಕಪಟ್ಟಿಗೆ. ಆದರೆ ನಿಯಮದ ಮೌನವು ಮೂಳೆಗಳ ಮೇಲೂ ಹಾಯ್ದಿದೆ. ಹೋಮ್ ಪ್ಲೇಟಿನ ಬಳಿ ನಿಂತ ಕ್ಯಾಚರನನ್ನು ಓಟಗಾರನು ಡಿಕ್ಕಿ ಹೊಡೆದು ಉರುಳಿಸಬಹುದೆಂಬುದು ಬಹುಕಾಲ ಈ ಆಟದ ಸಂಪ್ರದಾಯವಾಗಿತ್ತು. 1970ರ ಜುಲೈ 14ರಂದು ನಡೆದದ್ದು ಪ್ರದರ್ಶನದ ಪಂದ್ಯ. ಅಂತಹ ಪಂದ್ಯದಲ್ಲಿಯೂ ಗೆಲುವಿನ ರನ್ನಿಗಾಗಿ ಪೀಟ್ ರೋಸ್ ಅವರು ಕ್ಯಾಚರ್ ರೇ ಫಾಸೀ ಅವರ ಮೇಲೆರಗಿದರು. ಫಾಸೀ ಅವರ ಭುಜಕ್ಕೆ ತೀವ್ರ ಪೆಟ್ಟಾಯಿತು. ಛಲವೆಂದು ಹೊಗಳಿದವರು ಅನೇಕರು. 2011ರ ಮೇ 25ರಂದು ಅಂತಹುದೇ ಡಿಕ್ಕಿಯಲ್ಲಿ ಬಸ್ಟರ್ ಪೋಸೀ ಅವರ ಕಾಲಿನ ಮೂಳೆ ಮುರಿದು, ಕಣಕಾಲಿನ ಕಟ್ಟುಗಳು ಹರಿದು, ಆ ಋತುವೇ ಅವರಿಗೆ ಮುಗಿಯಿತು. ಡಿಕ್ಕಿಯನ್ನು ತಡೆಯುವ ನಿಯಮ ಬಂದದ್ದು 2014ರಲ್ಲಿ. ಫಾಸೀ ಅವರ ಭುಜಕ್ಕೆ ಪೆಟ್ಟಾಗಿ ನಲವತ್ತನಾಲ್ಕು ವರ್ಷಗಳ ಮೇಲೆ.

ಇಷ್ಟಕ್ಕೂ ಬುದ್ಧಿ ಬರಲಿಲ್ಲ. 2015ರ ಅಕ್ಟೋಬರ್ 10ರಂದು ಲಾಸ್ ಏಂಜಲಿಸ್ ತಂಡದ ಚೇಸ್ ಅಟ್ಲೀ ಅವರು ಎರಡನೆಯ ಬೇಸಿನತ್ತ ಜಾರುವ ನೆಪದಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ರೂಬೆನ್ ತೆಹಾಡಾ ಅವರ ಕಾಲುಗಳಿಗೆ ಬಡಿದರು. ಎರಡನೆಯ ಔಟಿಗಾಗಿ ಆತ ಚೆಂಡನ್ನು ಎಸೆಯದಂತೆ ಮಾಡುವುದು ಉದ್ದೇಶ. ತೆಹಾಡಾ ಅವರ ಕಾಲಿನ ಮೂಳೆ ಮುರಿಯಿತು. ಚಿತ್ರಗಳನ್ನು ಮರುಪರಿಶೀಲಿಸಿದ ಅಧಿಕಾರಿಗಳು ತೆಹಾಡಾ ಅವರ ಪಾದವು ಬೇಸನ್ನು ಮುಟ್ಟಿರಲಿಲ್ಲವೆಂದು ಕಂಡುಕೊಂಡು, ಬೇಸನ್ನು ತಾವೂ ಮುಟ್ಟದಿದ್ದ ಅಟ್ಲೀ ಅವರನ್ನು ಮೈದಾನಕ್ಕೆ ಮರಳಿ ಕರೆದು ‘ಸುರಕ್ಷಿತ’ ಎಂದರು! ಒಬ್ಬನು ನೋವಿನಿಂದ ಹೊರಗೆ ಒಯ್ಯಲ್ಪಟ್ಟನು. ನೋವಿಗೆ ಕಾರಣನಾದವನು ಬೇಸಿನ ಮೇಲೆ ನಿಂತನು. ಓಟಗಾರನು ಬೇಸನ್ನು ತಲುಪುವ ನಿಜವಾದ ಪ್ರಯತ್ನ ಮಾಡಿರಬೇಕೆಂಬ ನಿಯಮವು ಮರುವರ್ಷವೇ ಬಂದಿತು. ಮುರಿದ ಕಾಲಿಗೆ ಅದರಿಂದ ಪ್ರಯೋಜನವೇನು? ಆ ಪುಸ್ತಕದ ಒಂದೊಂದು ನಿಷೇಧದ ಹಿಂದೆಯೂ ಯಾರೋ ಒಬ್ಬನ ನಷ್ಟ ಇದೆ. ಕೃತ್ಯಕ್ಕೂ ನಿಯಮಕ್ಕೂ ನಡುವಿನ ಆ ಅವಧಿಯಲ್ಲಿ ಕೊಯ್ಲು ಮಾಡಿಕೊಳ್ಳುವವರ ಘೋಷಣೆಯೇ ‘ನಿಯಮದಲ್ಲಿ ಎಲ್ಲಿದೆ?’ ಎಂಬುದು.

ಅಕ್ಷರದ ಆರಾಧನೆ

ನಿಯಮ ಮೌನವಾಗಿರುವಾಗ ಲೂಟಿ ಮಾಡುವವರಂತೆಯೇ, ಮಲಗಿದ್ದ ನಿಯಮವನ್ನು ಬೇಕಾದಾಗ ಎಬ್ಬಿಸಿ ಆಯುಧವಾಗಿಸುವವರೂ ಇದ್ದಾರೆ. 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನಲ್ಲಿ ಜಯಂಟ್ಸ್ ಮತ್ತು ಷಿಕಾಗೋ ಕಬ್ಸ್ ತಂಡಗಳ ನಡುವಿನ ಪಂದ್ಯ ಸಮಸಮವಾಗಿತ್ತು. ಕೊನೆಯ ಸರದಿಯಲ್ಲಿ, ಇಬ್ಬರು ಔಟಾಗಿದ್ದಾಗ, ಅಲ್ ಬ್ರಿಡ್ವೆಲ್ ಅವರ ಹೊಡೆತದಿಂದ ಮೂರನೆಯ ಬೇಸಿನಲ್ಲಿದ್ದ ಓಟಗಾರನು ಹೋಮ್ ಪ್ಲೇಟ್ ಸೇರಿದನು. ಪಂದ್ಯ ಮುಗಿಯಿತೆಂದು ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಮೊದಲ ಬೇಸಿನಲ್ಲಿದ್ದ ಫ್ರೆಡ್ ಮರ್ಕಲ್ ಎಂಬ ಹತ್ತೊಂಬತ್ತು ವರ್ಷದ ತರುಣನು ಎರಡನೆಯ ಬೇಸನ್ನು ಮುಟ್ಟದೆಯೇ ಹೊರಟುಬಿಟ್ಟನು. ಅಂದಿನ ದಿನಗಳಲ್ಲಿ ಎಲ್ಲರೂ ಮಾಡುತ್ತಿದ್ದುದು ಹಾಗೆಯೇ. ಕಬ್ಸ್ ತಂಡದ ಜಾನಿ ಎವರ್ಸ್ ಅವರು ಚೆಂಡೊಂದನ್ನು ತರಿಸಿಕೊಂಡು ಎರಡನೆಯ ಬೇಸನ್ನು ಮುಟ್ಟಿ, ಮರ್ಕಲ್ ಔಟೆಂದು ವಾದಿಸಿದರು. ಅಂಪೈರ್ ಹ್ಯಾಂಕ್ ಓಡೇ ಅವರು ಒಪ್ಪಿದರು, ರನ್ ರದ್ದಾಯಿತು, ಪಂದ್ಯ ಸಮವೆಂದು ಘೋಷಿತವಾಯಿತು. ಅಕ್ಟೋಬರ್ 8ರಂದು ಮತ್ತೆ 4-2ರಿಂದ ಗೆದ್ದ ಕಬ್ಸ್ ತಂಡಕ್ಕೆ ಪ್ರಶಸ್ತಿ ಒಲಿಯಿತು.

ನಿಯಮದ ಅಕ್ಷರವು ಎವರ್ಸ್ ಅವರ ಪರವಾಗಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಹತ್ತೊಂಬತ್ತೇ ದಿನಗಳ ಹಿಂದೆ, ಸೆಪ್ಟೆಂಬರ್ 4ರಂದು, ಇದೇ ಕಬ್ಸ್ ತಂಡವು ಪಿಟ್ಸ್‌ಬರ್ಗಿನಲ್ಲಿ ಇದೇ ಅಂಪೈರರ ಮುಂದೆ ಇದೇ ವಾದವನ್ನು ಮಂಡಿಸಿದಾಗ ಅದು ತಿರಸ್ಕೃತವಾಗಿತ್ತು. ಆಗ ನಿದ್ರಿಸಿದ ನಿಯಮವು ಈಗ ಎದ್ದಿತು. ಎಲ್ಲರೂ ಬೆಳೆಸಿಕೊಂಡು ಬಂದ ರೂಢಿಯ ಹೊರೆಯನ್ನು ಒಬ್ಬ ಹುಡುಗನ ತಲೆಯ ಮೇಲೆ ಹೇರಿದ ಜನ ಆತನಿಗೆ ಮೂರ್ಖನೆಂಬ ಅಡ್ಡಹೆಸರಿಟ್ಟರು. 1956ರಲ್ಲಿ ತೀರಿಕೊಳ್ಳುವವರೆಗೂ ಅದು ಅವರನ್ನು ಬಿಡಲಿಲ್ಲ. ಇಲ್ಲಿ ದೋಷಿ ಯಾರು? ನಿಯಮವನ್ನು ಎಲ್ಲರ ಮೇಲೂ ಒಂದೇ ಸಮನಾಗಿ ಜಾರಿಗೊಳಿಸದ ವ್ಯವಸ್ಥೆ ಮೊದಲನೆಯ ದೋಷಿ. ತಮ್ಮದೇ ರೂಢಿಗೆ ಒಬ್ಬನನ್ನು ಬಲಿಕೊಟ್ಟು ನಕ್ಕ ಜನ ಎರಡನೆಯವರು. ಆ ತಂಡದ ಮುಖ್ಯಸ್ಥರಾಗಿದ್ದ ಮೆಗ್ರಾ ಅವರು ಮಾತ್ರ ಮರ್ಕಲ್ ಅವರನ್ನು ದೂಷಿಸಲಿಲ್ಲ, ಕೈಬಿಡಲಿಲ್ಲ. ಎದುರಾಳಿಗಳ ಸೊಂಟಪಟ್ಟಿ ಹಿಡಿದು ನಿಲ್ಲಿಸುತ್ತಿದ್ದರೆಂದು ಹೆಸರಾದ ಅದೇ ಮೆಗ್ರಾ! ಮನುಷ್ಯನನ್ನು ಒಂದೇ ಕೃತ್ಯದಿಂದ ಅಳೆಯಬಾರದೆಂಬ ಪಾಠವೂ ಇದರಲ್ಲಿದೆ.

ಮೂರು ಸಮರ್ಥನೆಗಳು

ಜಾಣತನದ ಪಕ್ಷದವರು ಸಾಮಾನ್ಯವಾಗಿ ಮೂರು ಸಮರ್ಥನೆಗಳನ್ನು ಮುಂದಿಡುತ್ತಾರೆ.

ಮೊದಲನೆಯದು: ಆಟವೆಂದ ಮೇಲೆ ಉಪಾಯ ಇರಲೇಬೇಕು, ಎಲ್ಲ ಉಪಾಯವೂ ವಂಚನೆಯಾದರೆ ಆಟವೇ ಉಳಿಯದು. ಈ ಮಾತಿನ ಪೂರ್ವಾರ್ಧ ಸತ್ಯ. 2021ರ ಮೇ 27ರಂದು ಪಿಟ್ಸ್‌ಬರ್ಗಿನಲ್ಲಿ ಕಬ್ಸ್ ತಂಡದ ಹಾವಿಯೆರ್ ಬಾಯೆಸ್ ಅವರು ಮಾಡಿದ ಉಪಾಯವನ್ನು ಯಾರೂ ಖಂಡಿಸಬೇಕಾಗಿಲ್ಲ. ಇಬ್ಬರು ಔಟಾಗಿದ್ದರು. ಬಾಯೆಸ್ ಅವರ ಹೊಡೆತವನ್ನು ಹಿಡಿದ ಎದುರಾಳಿಗಳು ಚೆಂಡನ್ನು ಮೊದಲ ಬೇಸಿನ ರಕ್ಷಕನಿಗೆ ತಲುಪಿಸಿದರು. ಆತ ಬೇಸನ್ನು ಮುಟ್ಟಿದ್ದರೆ ಸರದಿ ಮುಗಿಯುತ್ತಿತ್ತು. ಆದರೆ ಬಾಯೆಸ್ ಅವರು ಹೋಮ್ ಪ್ಲೇಟಿನತ್ತ ಹಿಂದೆ ಸರಿಯತೊಡಗಿದರು. ಆತ ಬೇಸನ್ನು ಮರೆತು ಅವರನ್ನೇ ಅಟ್ಟಿಸಿಕೊಂಡು ಹೋದನು. ಅಷ್ಟರಲ್ಲಿ ಎರಡನೆಯ ಬೇಸಿನಲ್ಲಿದ್ದ ಓಟಗಾರನು ಮೂರನೆಯದನ್ನು ಸುತ್ತಿ ಬಂದು ರನ್ ಗಳಿಸಿದನು. ಬಾಯೆಸ್ ಅವರು ತಿರುಗಿ ಓಡಿ ಮೊದಲ ಬೇಸನ್ನೂ ತಲುಪಿದರು. ಇದರಲ್ಲಿ ಸುಳ್ಳೆಲ್ಲಿದೆ? ಬೇಸ್ ಕೆಲವೇ ಹೆಜ್ಜೆಗಳ ದೂರದಲ್ಲಿತ್ತು, ಚೆಂಡು ಎದುರಾಳಿಯ ಕೈಯಲ್ಲಿಯೇ ಇತ್ತು, ಸತ್ಯವೆಲ್ಲವೂ ಬೆಳಕಿನಲ್ಲಿತ್ತು. ಆತ ಸೋತದ್ದು ತನ್ನ ಮರೆವಿಗೆ. ಎದುರಾಳಿಗೆ ಸತ್ಯವು ಕಾಣುವಂತಿರಬೇಕು, ತಡೆಯುವ ದಾರಿ ತೆರೆದಿರಬೇಕು, ಆತನ ದೇಹಕ್ಕೆ ಕೇಡಾಗಬಾರದು. ಈ ಮೂರೂ ಇದ್ದರೆ ಉಪಾಯ. ಒಂದು ತಪ್ಪಿದರೂ ವಂಚನೆ ಅಥವಾ ಹಿಂಸೆ.

ಎರಡನೆಯದು: ತಾನು ಮಾಡದಿದ್ದರೆ ಎದುರಾಳಿ ಮಾಡುತ್ತಾನೆ. ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರುವ ಗಾದೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಆ ಗಾದೆಯು ತೂರುವವರ ಪ್ರಶಂಸೆಯಲ್ಲ. ಇಬ್ಬರೂ ತೂರುತ್ತಾ ಹೋದರೆ ಕೊನೆಗೆ ನಿಲ್ಲಲು ನೆಲವೇ ಇರುವುದಿಲ್ಲ.

ಮೂರನೆಯದು: ತಪ್ಪನ್ನು ಹಿಡಿಯುವುದು ಅಂಪೈರನ ಕೆಲಸ, ಆಟಗಾರನದಲ್ಲ. 1978ರ ಅಕ್ಟೋಬರ್ 14ರಂದು ವಿಶ್ವ ಸರಣಿಯ ನಾಲ್ಕನೆಯ ಪಂದ್ಯದಲ್ಲಿ ಈ ವಾದದ ಮಿತಿ ಪ್ರಕಟವಾಯಿತು. ಯಾಂಕೀಸ್ ತಂಡದ ರೆಜಿ ಜಾಕ್ಸನ್ ಅವರು ಮೊದಲ ಹಾಗೂ ಎರಡನೆಯ ಬೇಸ್‌ಗಳ ನಡುವೆ ನಿಂತಿದ್ದಾಗ ಎದುರಾಳಿಗಳು ಎಸೆದ ಚೆಂಡು ಅವರ ಸೊಂಟಕ್ಕೆ ತಗುಲಿ ದೂರ ಸಿಡಿಯಿತು. ಆ ಅವಧಿಯಲ್ಲಿ ಒಂದು ರನ್ ಬಂದಿತು. ಬೇಕೆಂದು ಅಡ್ಡಬಂದಿದ್ದರೆ ಔಟ್, ಅರಿಯದೆ ತಗುಲಿದ್ದರೆ ಅಲ್ಲ. ಉದ್ದೇಶಪೂರ್ವಕವಲ್ಲವೆಂದು ಅಂಪೈರರು ನಿರ್ಧರಿಸಿದರು. ಯಾಂಕೀಸ್ ಆ ಪಂದ್ಯವನ್ನು 4-3ರಿಂದ ಗೆದ್ದಿತು. ಚರ್ಚೆ ಮಾತ್ರ ಮುಗಿಯಲಿಲ್ಲ. ಸೊಂಟ ಚೆಂಡಿನತ್ತ ಚಲಿಸಿತೇ ಎಂಬುದನ್ನು ನಾಲ್ಕಲ್ಲ, ನಾನೂರು ಅಂಪೈರರು ನೋಡಿದರೂ, ಏಕೆ ಚಲಿಸಿತೆಂಬುದನ್ನು ಬಲ್ಲವರು ಒಬ್ಬರೇ. ‘ಉದ್ದೇಶ’ ಎಂಬ ಪದವನ್ನು ಬಳಸಿದಾಗಲೆಲ್ಲ ನಿಯಮಪುಸ್ತಕವು ತನ್ನ ಅಸಹಾಯಕತೆಯನ್ನು ಒಪ್ಪಿಕೊಂಡು, ಆಟಗಾರನ ಅಂತರಂಗದ ಬಾಗಿಲನ್ನು ತಟ್ಟುತ್ತದೆ. ಅಲ್ಲಿ ತೀರ್ಪು ಕೊಡಬೇಕಾದವನು ಆತನೇ.

ಮೌನದ ಇನ್ನೊಂದು ಬಳಕೆ

ನಿಯಮದ ಮೌನವನ್ನು ಲೂಟಿಗೇ ಬಳಸಬೇಕೆಂದಿಲ್ಲ. ಬೇಸ್‌ಬಾಲಿನ ಸೋದರಿಯಂತಿರುವ ಸಾಫ್ಟ್‌ಬಾಲ್ ಆಟದಲ್ಲಿ, 2008ರ ಏಪ್ರಿಲ್ 26ರಂದು, ಅಮೆರಿಕದ ಎಲೆನ್ಸ್‌ಬರ್ಗ್ ಎಂಬಲ್ಲಿ ಎರಡು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳು ಆಡುತ್ತಿದ್ದವು. ವೆಸ್ಟರ್ನ್ ಆರೆಗಾನ್ ತಂಡದ ಆಟಗಾರ್ತಿಯೊಬ್ಬಳು ಚೆಂಡನ್ನು ಬೇಲಿಯ ಆಚೆಗೆ ಹೊಡೆದಳು. ಅಂತಹ ಹೊಡೆತ ಆಕೆಗೆ ಜೀವನದಲ್ಲಿ ಅದೇ ಮೊದಲು. ಸಂಭ್ರಮದಲ್ಲಿ ಮೊದಲ ಬೇಸನ್ನು ಮುಟ್ಟುವುದು ತಪ್ಪಿಹೋಯಿತು. ಮುಟ್ಟಲೆಂದು ತಿರುಗಿದಾಗ ಮಂಡಿಯ ಕಟ್ಟು ಹರಿದು ಕುಸಿದುಬಿದ್ದಳು. ತೆವಳಿಕೊಂಡು ಮೊದಲ ಬೇಸನ್ನು ಮುಟ್ಟಿದಳು, ಮುಂದೆ ಸಾಗಲಾರಳು. ಅವಳ ತಂಡದವರು ಮುಟ್ಟಿದರೆ ಅವಳು ಔಟ್. ಬದಲಿ ಆಟಗಾರ್ತಿಯನ್ನು ಇಳಿಸಿದರೆ ಆ ಹೊಡೆತವು ಒಂದು ಬೇಸಿನ ಹೊಡೆತಕ್ಕಿಳಿಯುತ್ತದೆ ಎಂದು ಅಂಪೈರರು ತಿಳಿಸಿದರು. ಅವರು ನಿಯಮವನ್ನು ತಪ್ಪಾಗಿ ಅರ್ಥೈಸಿದ್ದರೆಂಬುದು ಆಮೇಲೆ ತಿಳಿಯಿತು. ಆ ಕ್ಷಣದಲ್ಲಂತೂ ಬೇರೆ ದಾರಿಯಿರಲಿಲ್ಲ.

ಆಗ ಎದುರಾಳಿ ಸೆಂಟ್ರಲ್ ವಾಷಿಂಗ್ಟನ್ ತಂಡದ ಆಟಗಾರ್ತಿಯೊಬ್ಬಳು ಅಂಪೈರರ ಬಳಿಗೆ ಬಂದು, ತಾವು ಅವಳನ್ನು ಎತ್ತಿಕೊಂಡು ಹೋಗಬಹುದೇ ಎಂದು ಕೇಳಿದಳು. ಹಾಗೆ ಮಾಡಬಾರದೆಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಅವಳೂ ಅವಳ ಸಂಗಡಿಗಳೊಬ್ಬಳೂ ಸೇರಿ ಗಾಯಗೊಂಡವಳನ್ನು ಎತ್ತಿಕೊಂಡು ನಡೆದರು. ಪ್ರತಿ ಬೇಸಿನ ಬಳಿಯೂ ಬಗ್ಗಿ, ನೋವಿಲ್ಲದ ಅವಳ ಪಾದವನ್ನು ಬೇಸಿಗೆ ಮುಟ್ಟಿಸಿ, ಹೋಮ್ ಪ್ಲೇಟಿಗೆ ತಲುಪಿಸಿದರು. ತಮ್ಮ ವಿರುದ್ಧದ ಮೂರು ರನ್‌ಗಳನ್ನು ಹೀಗೆ ತಾವೇ ಪೂರ್ಣಗೊಳಿಸಿದ ಆ ತಂಡವು 4-2ರಿಂದ ಸೋತಿತು.

‘ನಿಯಮದಲ್ಲಿ ಎಲ್ಲಿ ಬರೆದಿದೆ?’ ಎಂಬುದು ಅವರ ಬಾಯಲ್ಲಿಯೂ ಬಂದ ಪ್ರಶ್ನೆಯೇ. ಆದರೆ ಅವರು ಅದನ್ನು ಗುರಾಣಿಯಾಗಿ ಹಿಡಿಯಲಿಲ್ಲ. ನೆರವಿಗೆ ದಾರಿಯಿದೆಯೇ ಎಂದು ಹುಡುಕಲು ಹಿಡಿದರು. ನಿಯಮವು ಎಷ್ಟು ಪುಟಗಳಿಗೆ ಬೆಳೆದರೂ ಅದರ ಸಾಲುಗಳ ನಡುವೆ ಬಿಳಿಯ ಜಾಗ ಉಳಿದೇ ಉಳಿಯುತ್ತದೆ. ಅಲ್ಲಿ ಏನನ್ನು ಬರೆಯಬೇಕೆಂಬುದನ್ನು ನಿಯಮ ರೂಪಿಸುವವರು ನಿರ್ಧರಿಸಲಾರರು; ಅಂಪೈರರೂ ನಿರ್ಧರಿಸಲಾರರು. ಅಂಗಡಿಯ ತಕ್ಕಡಿಯ ಮುಂದೆ, ಕಚೇರಿಯ ಕಡತದ ಮುಂದೆ, ಕೊಟ್ಟ ಮಾತಿನ ಮುಂದೆ ನಿಂತ ಪ್ರತಿಯೊಬ್ಬರಿಗೂ ಆ ಬಿಳಿಯ ಜಾಗ ದಿನವೂ ಎದುರಾಗುತ್ತದೆ. ಮುಂದಿನ ಬಾರಿ ಎದುರಾದಾಗ, ಪುಸ್ತಕದಲ್ಲಿ ಏನಿಲ್ಲವೆಂದು ಹುಡುಕುವ ಮೊದಲು, ಎದುರಿಗಿರುವವನಿಗೆ ಸತ್ಯವು ಕಾಣುತ್ತಿದೆಯೇ, ಆತನಿಗೆ ನೋವಾಗುತ್ತಿದೆಯೇ ಎಂದು ಕೇಳಿಕೊಳ್ಳಲಿ.